ಹೊಟ್ಟೆ ತನ್ನನ್ನೇ ಯಾಕೆ ಕರಗಿಸಿಕೊಳ್ಳಲ್ಲ? ಒಳಗೋಡೆ ಕಾಪಾಡಿಕೊಳ್ಳಲು ಒಂದು ಮಾರ್ಗದರ್ಶಿ

ಹೊಟ್ಟೆ ಉರಿದರೆ ನಾವು ಮೊದಲು ಬಯ್ಯುವುದು ಆಸಿಡ್‌ಗೆ. "ಆಸಿಡಿಟಿ ಜಾಸ್ತಿ ಆಗಿದೆ" ಅಂತ ಒಂದು ಮಾತ್ರೆ ನುಂಗಿ ಸುಮ್ಮನಾಗುತ್ತೇವೆ. ನಾನೂ ಹಾಗೇ ಇದ್ದವನು. ಒಮ್ಮೆ ಬೆನ್ನುನೋವಿಗೆ ಅಂತ ಹನ್ನೆರಡು ದಿನ ಬಿಡದೆ ನೋವಿನ ಮಾತ್ರೆ ತಿಂದೆ. ಹೊಟ್ಟೆ ಉರಿಯಿತು. ಆ ಉರಿಗೆ ಇನ್ನೊಂದು ಮಾತ್ರೆ ತಿಂದೆ. ಕೊನೆಗೆ ಎಂಡೋಸ್ಕೋಪಿ (ಬಾಯಿಯಿಂದ ಸಣ್ಣ ಕ್ಯಾಮೆರಾ ಇಳಿಸಿ ಹೊಟ್ಟೆಯೊಳಗೆ ನೋಡುವ ಪರೀಕ್ಷೆ) ಮಾಡಿದ ಡಾಕ್ಟರು ಪರದೆಯ ಮೇಲೆ ಹೊಟ್ಟೆಯ ಗೋಡೆಯಲ್ಲಿದ್ದ ಎರಡು ಕೆಂಪು ತರಚು ಗಾಯ ತೋರಿಸಿದರು. ಕೇಳಿದ್ದು ಒಂದೇ ಪ್ರಶ್ನೆ: "ನೋವಿನ ಮಾತ್ರೆ ಏನಾದ್ರೂ ತಗೊಂಡ್ರಾ?" ಆಸಿಡ್ ಸುದ್ದಿಯನ್ನೇ ಅವರು ಎತ್ತಲಿಲ್ಲ.

ಯೋಚಿಸಿದರೆ ಆ ಪ್ರಶ್ನೆಯೇ ಸರಿ. ಹುಟ್ಟಿದಾಗಿನಿಂದ ಹೊಟ್ಟೆಯಲ್ಲಿ ಆಸಿಡ್ ಇದ್ದೇ ಇದೆ, ನಾಳೆಯೂ ಇರುತ್ತದೆ. ಹೊಟ್ಟೆಯಲ್ಲೇ ಹುಣ್ಣಾದ ಎಷ್ಟೋ ಜನರಲ್ಲಿ ಆಸಿಡ್ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ, ಕೆಲವರಲ್ಲಿ ಕಡಿಮೆಯೂ ಇರುತ್ತದೆ. ಕೆಟ್ಟಿರುವುದು ಗೋಡೆ. ಹಾಗಾಗಿ ಹುಡುಕಬೇಕಾದದ್ದು ಗೋಡೆಯನ್ನು ಕೆಡಿಸಿದವರು ಯಾರು ಅನ್ನುವುದನ್ನು.

ಇವು ಕಂಡರೆ ಓದುವುದನ್ನು ಇಲ್ಲಿಗೇ ನಿಲ್ಲಿಸಿ

ಮಲ ಟಾರಿನಂತೆ ಕಪ್ಪಾಗಿ, ಅಂಟಂಟಾಗಿ, ವಿಪರೀತ ವಾಸನೆಯಿಂದ ಬರುತ್ತಿದ್ದರೆ ಅದು ಹೊಟ್ಟೆಯೊಳಗಿನ ರಕ್ತ. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥ ಕಂದು ಚೂರು ಕಂಡರೂ ಅಷ್ಟೇ. ಚಾಕು ಹಾಕಿದಂತೆ ಏಕಾಏಕಿ ನೋವು ಬಂದು ಹೊಟ್ಟೆ ಹಲಗೆಯಂತೆ ಗಟ್ಟಿಯಾದರೆ ಹುಣ್ಣು ತೂತಾಗಿರಬಹುದು. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದೂ ರಕ್ತ ಹೋಗುತ್ತಿರುವುದರ ಗುರುತಾಗಿರಬಹುದು. ಈ ಯಾವುದಕ್ಕೂ ಮನೆ ಮದ್ದು ಬೇಡ, ಬೆಳಗಾಗಲಿ ಅಂತ ಕಾಯುವುದೂ ಬೇಡ. ನೇರ ಆಸ್ಪತ್ರೆಗೆ ಹೋಗಿ.

ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನುಂಗಲು ಕಷ್ಟವಾದರೆ, ಪದೇ ಪದೇ ವಾಂತಿಯಾದರೆ, ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕುಸಿದಿದ್ದರೆ ಆ ವಾರದಲ್ಲೇ ಡಾಕ್ಟರನ್ನು ಕಾಣಿ. ಒಂದು ಮಾತು: ಕಬ್ಬಿಣದ ಮಾತ್ರೆ ಮತ್ತು ಬಿಸ್ಮತ್ ಇರುವ ಔಷಧಿಯಿಂದಲೂ ಮಲ ಕಪ್ಪಾಗುತ್ತದೆ. ಅವನ್ನು ತಗೊಳ್ಳುತ್ತಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಗೋಡೆ ಹೇಗಿದೆ ನೋಡೋಣ

ಹೊಟ್ಟೆಯೂ ಮಾಂಸವೇ. ಮಾಂಸವನ್ನು ಕರಗಿಸುವ ರಸ ತಯಾರಾಗುವುದೂ ಅದರೊಳಗೇ. ದಿನಕ್ಕೆ ಹೆಚ್ಚುಕಡಿಮೆ ಒಂದೂವರೆಯಿಂದ ಎರಡು ಲೀಟರ್ ಜಠರ ರಸ ಸುರಿಯುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. 1824ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದವರು ಇಂಗ್ಲೆಂಡಿನ ವಿಲಿಯಂ ಪ್ರೌಟ್. ಹೊಟ್ಟೆಯೊಳಗೆ ಇಂಥ ಖನಿಜ ಆಮ್ಲ ಇದೆ ಅಂದರೆ ಆಗ ಹಲವರು ನಂಬಲಿಲ್ಲ. ಆಸಿಡ್ ಜೊತೆಗೆ ಪೆಪ್ಸಿನ್ ಕೂಡ ಇದೆ. ಪ್ರೋಟೀನನ್ನು ಕತ್ತರಿಸುವ ಕತ್ತರಿ ಅದು. ಹೊಟ್ಟೆ ಅದನ್ನು ತಯಾರಿಸುವಾಗ ಕತ್ತರಿಗೆ ಒರೆ ಹಾಕಿಯೇ ಇಟ್ಟಿರುತ್ತದೆ. ಆಸಿಡ್ ತಗುಲಿದ ಮೇಲಷ್ಟೇ ಒರೆ ಕಳಚುತ್ತದೆ. ತಯಾರಿಸುವ ಜೀವಕೋಶವನ್ನೇ ಅದು ಕತ್ತರಿಸದಿರುವುದು ಇದೇ ಕಾರಣಕ್ಕೆ.

ಈಗ ಆಸಿಡ್‌ನ ಒಂದೇ ಒಂದು ಹನಿಯ ಹಿಂದೆ ಹೋಗೋಣ. ಅದು ಹೊಟ್ಟೆಯ ನಡುವಿನಿಂದ ಗೋಡೆಯ ಕಡೆ ಹೊರಟಿದೆ. ಹೊಟ್ಟೆಯ ನಡುವೆ ಪಿಎಚ್ ಸುಮಾರು 2. ಪಿಎಚ್ ಅಂದರೆ ಆಮ್ಲತೆಯ ಅಳತೆ, ಅಂಕಿ ಕಡಿಮೆಯಾದಷ್ಟೂ ಆಮ್ಲತೆ ಜಾಸ್ತಿ. ಗೋಡೆ ಹತ್ತಿರವಾದಂತೆ ಅದಕ್ಕೆ ಲೋಳೆ ಸಿಗುತ್ತದೆ. ನೂರಕ್ಕೆ ತೊಂಬತ್ತೈದು ಪಾಲು ನೀರೇ ಇರುವ ಜೆಲ್ ಇದು. ಒಂದು ಮಿಲಿಮೀಟರ್‌ಗಿಂತ ಎಷ್ಟೋ ತೆಳು. ಆದರೆ ಸುಮ್ನೆ ಅಂಟು ಅಂದುಕೊಳ್ಳಬೇಡಿ. ಗೋಡೆಯ ಕೋಶಗಳು ಈ ಲೋಳೆಯೊಳಕ್ಕೆ ಬೈಕಾರ್ಬನೇಟ್ ಸುರಿಯುತ್ತಲೇ ಇರುತ್ತವೆ. ಅಡುಗೆ ಸೋಡಾದಲ್ಲಿರುವುದೂ ಅದೇ. ಆಸಿಡ್ ಒಳಗೆ ಇಳಿದಂತೆ ಎದುರಿನಿಂದ ಬರುವ ಬೈಕಾರ್ಬನೇಟ್ ಅದನ್ನು ತಣ್ಣಗಾಗಿಸುತ್ತದೆ. ಕೊನೆಗೆ ಗೋಡೆ ಮುಟ್ಟುವಷ್ಟರಲ್ಲಿ ಪಿಎಚ್ 7ರ ಹತ್ತಿರ ಬಂದಿರುತ್ತದೆ. ಪಿಎಚ್‌ನಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. 2ರಿಂದ 7 ಅಂದರೆ ಆಮ್ಲತೆ ಒಂದು ಲಕ್ಷ ಪಟ್ಟು ಇಳಿಯಿತು. ಕೂದಲೆಳೆಗೆ ಹೋಲಿಸಬಹುದಾದ ದೂರದಲ್ಲಿ! ಇದನ್ನು ಮೊದಲ ಸಲ ಓದಿದಾಗ ನಾನು ಲೆಕ್ಕವನ್ನು ಎರಡು ಸಲ ಮಾಡಿ ನೋಡಿದ್ದೆ.

ಪೆಪ್ಸಿನ್‌ಗೂ ಲೋಳೆ ಸುಲಭವಾಗಿ ದಾರಿ ಬಿಡಲ್ಲ. ಅದು ಲೋಳೆಯ ಮೇಲ್ಮೈಯನ್ನು ಸ್ವಲ್ಪ ಸ್ವಲ್ಪವಾಗಿ ಸವೆಸುತ್ತದೆ, ಕೆಳಗಿನಿಂದ ಹೊಸ ಲೋಳೆ ಬಂದು ಸೇರುತ್ತದೆ.

ಲೋಳೆಯ ಕೆಳಗೆ ಕೋಶಗಳ ಸಾಲು. ಒಂದಕ್ಕೊಂದು ಬಿಗಿಯಾಗಿ ಹೊಲಿದಂತಿರುತ್ತವೆ, ನಡುವೆ ಸಂದಿಯಿಲ್ಲ. ಈ ಕೋಶಗಳಿಗೆ ಆಯಸ್ಸು ಕಡಿಮೆ. ಕೆಲವೇ ದಿನಗಳಲ್ಲಿ, ಅಂದರೆ 3ರಿಂದ 6 ದಿನಕ್ಕೆ, ಹಳೆಯವು ಉದುರಿ ಹೊಸವು ಬರುತ್ತವೆ. ಹೋದ ವಾರ ನಿಮ್ಮ ಊಟವನ್ನು ತಾಗಿದ ಮೇಲ್ಪದರ ಈಗ ಇಲ್ಲ. ಸಣ್ಣಪುಟ್ಟ ತರಚು ಗಾಯವಾದರೆ ಹೊಸ ಕೋಶ ಹುಟ್ಟುವ ತನಕವೂ ಹೊಟ್ಟೆ ಕಾಯುವುದಿಲ್ಲ. ಪಕ್ಕದ ಕೋಶಗಳೇ ಚಪ್ಪಟೆಯಾಗಿ ಹರಿದು ಬಂದು ಜಾಗ ಮುಚ್ಚುತ್ತವೆ. ಕೆಲವು ನಿಮಿಷಗಳಲ್ಲಿ ಶುರುವಾಗಿ ಕೆಲವು ಗಂಟೆಗಳಲ್ಲಿ ಮುಗಿಯುವ ಕೆಲಸ ಇದು.

ಇದೆಲ್ಲದರ ಹಿಂದೆ ರಕ್ತ ಇದೆ. ತಪ್ಪಿಸಿಕೊಂಡು ಒಳ ಬಂದ ಆಸಿಡನ್ನು ಅದು ತೊಳೆದು ಒಯ್ಯುತ್ತದೆ, ಆಮ್ಲಜನಕವನ್ನೂ ಬೈಕಾರ್ಬನೇಟನ್ನೂ ತಂದು ಕೊಡುತ್ತದೆ. ರಕ್ತದ ಓಟ ಕಡಿಮೆಯಾದರೆ ಗೋಡೆ ಸಾಯುತ್ತದೆ. ತೀವ್ರ ಸುಟ್ಟಗಾಯ ಅಥವಾ ತಲೆಗೆ ಭಾರಿ ಪೆಟ್ಟಾಗಿ ಐಸಿಯುನಲ್ಲಿ ಇರುವವರಿಗೆ ಹೊಟ್ಟೆಯಲ್ಲಿ ಹುಣ್ಣು ಏಳುವುದಕ್ಕೆ ಇದೂ ಒಂದು ಕಾರಣ.

ಇಷ್ಟು ಕೆಲಸಕ್ಕೆ ಒಬ್ಬ ಮೇಸ್ತ್ರಿ ಬೇಕಲ್ವಾ? ಆ ಮೇಸ್ತ್ರಿ ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ. ಲೋಳೆ ಹೆಚ್ಚು ಮಾಡು, ಬೈಕಾರ್ಬನೇಟ್ ಸುರಿ, ರಕ್ತ ಜಾಸ್ತಿ ಬಿಡು, ಆಸಿಡ್ ಸ್ವಲ್ಪ ತಗ್ಗಿಸು ಅಂತೆಲ್ಲ ಹೇಳುವುದು ಅದೇ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಮುಂದಿನ ಹೆಜ್ಜೆ ಪೂರ್ತಿ ಇದರ ಸುತ್ತಲೇ ಇದೆ.

ಇನ್ನೊಂದು ವಿಷಯ ಬಿಡಿಸಿ ಹೇಳಿಬಿಡುತ್ತೇನೆ. ಎದೆ ಉರಿ ಬೇರೆ, ಹೊಟ್ಟೆಯ ಹುಣ್ಣು ಬೇರೆ. ಆಸಿಡ್ ಮೇಲಕ್ಕೆ ಉಕ್ಕಿ ಅನ್ನನಾಳಕ್ಕೆ ತಾಗಿದರೆ ಎದೆ ಉರಿಯುತ್ತದೆ. ಅನ್ನನಾಳಕ್ಕೆ ಈ ಥರದ ಲೋಳೆಯ ಕವಚ ಇಲ್ಲ. ಈ ಲೇಖನ ಹೊಟ್ಟೆ ಮತ್ತು ಅದರ ಪಕ್ಕದ ಸಣ್ಣ ಕರುಳಿನ ಮೊದಲ ಭಾಗದ ಬಗ್ಗೆ ಮಾತ್ರ.

ಮೊದಲ ಹೆಜ್ಜೆ: ಔಷಧಿ ಡಬ್ಬ ಮೇಜಿನ ಮೇಲೆ ಸುರಿಯಿರಿ

ನಿಜವಾಗಿಯೂ ಸುರಿಯಿರಿ. ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ತಿರುಗಿಸಿ ಹಿಂಬದಿ ಓದಿ. ದೊಡ್ಡ ಅಕ್ಷರದ ಬ್ರಾಂಡ್ ಹೆಸರು ಬಿಡಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ನೋಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರಾಕ್ಸೆನ್, ಅಸಿಕ್ಲೋಫೆನಾಕ್, ಆಸ್ಪಿರಿನ್ ಇವೆಲ್ಲ ಒಂದೇ ಗುಂಪು. ನಾನು ಸುರಿದಾಗ ನನಗೆ ಸಿಕ್ಕಿದ್ದು ಮೂರು ಪಟ್ಟಿ. ಒಂದು ಬೆನ್ನುನೋವಿಗೆ, ಒಂದು ಹಲ್ಲುನೋವಿಗೆ ಕೊಟ್ಟಿದ್ದು, ಒಂದು ಜ್ವರ ಮೈಕೈ ನೋವಿಗೆ. ಮೂರೂ ಬೇರೆ ಬೇರೆ ಬಣ್ಣ. ಮೂರರಲ್ಲೂ ಇದೇ ಗುಂಪಿನ ಔಷಧಿ. ಬೇರೆ ಬೇರೆ ಕಾಯಿಲೆಗೆ ಬೇರೆ ಮಾತ್ರೆ ಅಂದುಕೊಂಡು ಒಂದೇ ದಿನ ಎರಡನ್ನು ತಿಂದಿದ್ದೂ ಉಂಟು.

ಇವು ಮಾಡುವ ಕೆಲಸ ಏನು ಅಂತ 1971ರಲ್ಲಿ ತೋರಿಸಿಕೊಟ್ಟವರು ಜಾನ್ ವೇನ್. 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ನೋವು, ಊತ ಹುಟ್ಟಿಸುವುದರಲ್ಲೂ ಪ್ರೋಸ್ಟಾಗ್ಲಾಂಡಿನ್‌ಗಳ ಕೈವಾಡ ಇದೆ. ಈ ಮಾತ್ರೆಗಳು ಅವುಗಳ ತಯಾರಿಕೆಯನ್ನೇ ನಿಲ್ಲಿಸುತ್ತವೆ. ಮೊಣಕಾಲಿನ ನೋವು ಹೋಗುತ್ತದೆ. ಅದೇ ಹೊತ್ತಿಗೆ ಹೊಟ್ಟೆಯ ಮೇಸ್ತ್ರಿಯೂ ಮನೆಗೆ ಹೋಗುತ್ತಾನೆ. ಲೋಳೆ ತೆಳುವಾಗುತ್ತದೆ, ರಕ್ತ ಕಡಿಮೆಯಾಗುತ್ತದೆ. ಆಸಿಡ್ ಮಾತ್ರ ಎಂದಿನಂತೆ ಕೆಲಸಕ್ಕೆ ಬಂದಿರುತ್ತದೆ.

ಇಲ್ಲೇ ಎಲ್ಲರೂ ಎಡವುವುದು. "ಊಟ ಆದ್ಮೇಲೆ ತಗೊಂಡ್ರೆ ಏನೂ ಆಗಲ್ಲ" ಅನ್ನುತ್ತಾರೆ. ಊಟದ ಜೊತೆ ತಗೊಂಡರೆ ಹೊಟ್ಟೆ ತೊಳಸುವುದು ಕಡಿಮೆಯಾಗಬಹುದು. ಆದರೆ ಹುಣ್ಣಿನಿಂದ ಅದು ಕಾಪಾಡುತ್ತದೆ ಅಂತ ನಂಬಬೇಡಿ. ದೊಡ್ಡ ಹಾನಿ ಆಗುವುದು ಮಾತ್ರೆ ಹೊಟ್ಟೆಗೆ ತಾಗಿ ಅಲ್ಲ, ರಕ್ತಕ್ಕೆ ಸೇರಿ ಮೇಸ್ತ್ರಿಯನ್ನು ಕಳಿಸಿಬಿಡುವುದರಿಂದ. ಅದಕ್ಕೇ ಇಂಜೆಕ್ಷನ್ ಆಗಿ ಹಾಕಿಸಿಕೊಂಡರೂ ಹುಣ್ಣಿನ ಅಪಾಯ ಇದೆ. ಕರುಳಿನಲ್ಲಿ ಕರಗುವಂತೆ ಲೇಪ ಹಾಕಿದ ಆಸ್ಪಿರಿನ್‌ಗೂ ಇದೇ ಮಾತು.

ಹಾಗಾದರೆ ಏನು ಮಾಡಬೇಕು? ಬರೀ ನೋವು, ಜ್ವರಕ್ಕಾದರೆ ಪ್ಯಾರಾಸಿಟಮಾಲ್ ಸಾಕಾಗುತ್ತದಾ ಅಂತ ಮೊದಲು ನೋಡಿ. ಹೊಟ್ಟೆಯ ಗೋಡೆಗೆ ಅದು ಅಷ್ಟಾಗಿ ತೊಂದರೆ ಕೊಡಲ್ಲ. ಆದರೆ ಅಳತೆ ಮೀರಿದರೆ ಲಿವರ್ ಕೆಡುತ್ತದೆ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಅನ್ನುವುದು ಮೇಲಿನ ಮಿತಿ, ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಅದಕ್ಕಿಂತ ಕಡಿಮೆ. ಬೇರೆ ನೋವಿನ ಮಾತ್ರೆ ಬೇಕೇ ಬೇಕು ಅಂದರೆ ಕಡಿಮೆ ಡೋಸ್, ಕಡಿಮೆ ದಿನ, ಒಂದೇ ಮಾತ್ರೆ.

ಹಿಂದೆ ಹುಣ್ಣಾಗಿತ್ತಾ? ವಯಸ್ಸು 65 ದಾಟಿದೆಯಾ? ಜೊತೆಗೆ ಸ್ಟೆರಾಯ್ಡ್ ಅಥವಾ ರಕ್ತ ತೆಳು ಮಾಡುವ ಮಾತ್ರೆ ಇದೆಯಾ? ಒಂದಕ್ಕೆ ಹೌದು ಅಂದರೂ ಡಾಕ್ಟರನ್ನು ಕೇಳದೆ ಈ ಗುಂಪಿನ ಮಾತ್ರೆ ಮುಟ್ಟಬೇಡಿ. ಬೇಕೇಬೇಕಾದರೆ ಅವರು ಜೊತೆಗೆ ಆಸಿಡ್ ತಗ್ಗಿಸುವ ಮಾತ್ರೆ ಬರೆದುಕೊಡುತ್ತಾರೆ.

ಹೃದಯಕ್ಕಾಗಿ ಡಾಕ್ಟರು ಬರೆದುಕೊಟ್ಟ ಆಸ್ಪಿರಿನ್ ಮಾತ್ರ ಇದನ್ನು ಓದಿ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ಹೃದಯಾಘಾತದ ಅಪಾಯ ಇದೆ. ಹೊಟ್ಟೆ ಕಾಪಾಡುವುದು ಹೇಗೆ ಅಂತ ಅವರನ್ನೇ ಕೇಳಿ.

ಎರಡನೆಯ ಹೆಜ್ಜೆ: ಲೋಳೆಯಲ್ಲಿ ಬಾಡಿಗೆಗೆ ಇರುವವನನ್ನು ಪತ್ತೆ ಮಾಡಿ

ನೋವಿನ ಮಾತ್ರೆ ಬಿಟ್ಟರೆ ಹುಣ್ಣಿಗೆ ದೊಡ್ಡ ಕಾರಣ ಒಂದು ಬ್ಯಾಕ್ಟೀರಿಯಾ. ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ. ಸುರುಳಿ ಮೈ, ಈಜಲು ಬಾಲದಂಥ ಎಳೆಗಳು. ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿಕೊಳ್ಳುತ್ತದೆ. ಅಮೋನಿಯಾದಿಂದ ಸುತ್ತಲಿನ ಆಸಿಡ್ ತಣ್ಣಗಾಗುತ್ತದೆ. ಆ ನೆರಳಿನಲ್ಲಿ ಲೋಳೆಯೊಳಗೆ ಕೊರೆದು ಹೋಗಿ ಗೋಡೆಗೆ ಅಂಟಿಕೊಳ್ಳುತ್ತದೆ. ಅಲ್ಲಿ ವರ್ಷಗಟ್ಟಲೆ ಉರಿಯೂತ ಹಚ್ಚಿ ಕೂರುತ್ತದೆ. ಸಾಮಾನ್ಯವಾಗಿ ಬಾಲ್ಯದಲ್ಲೇ, ಮನೆಯವರಿಂದಲೇ ಅಂಟುತ್ತದೆ.

ಇದು ಸಿಕ್ಕಿದ ಕಥೆ ನನಗೆ ಬಹಳ ಇಷ್ಟ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹೊಟ್ಟೆಯ ಚೂರುಗಳಿಂದ ಈ ಬ್ಯಾಕ್ಟೀರಿಯಾ ಬೆಳೆಸಲು ನೋಡುತ್ತಿದ್ದರು. ಲ್ಯಾಬಿನವರು ಎರಡು ದಿನ ನೋಡಿ ಏನೂ ಇಲ್ಲ ಅಂತ ಪ್ಲೇಟ್ ಎಸೆಯುತ್ತಿದ್ದರು. 1982ರ ಈಸ್ಟರ್ ರಜೆ ಬಂತು. ಪ್ಲೇಟ್ ಎಸೆಯಲು ಯಾರೂ ಇರಲಿಲ್ಲ. ಐದು ದಿನ ಆದಮೇಲೆ ನೋಡಿದರೆ ಬೆಳೆದು ಕೂತಿದೆ! ಅದಕ್ಕೆ ಬೇಕಾಗಿದ್ದು ಇನ್ನೆರಡು ಮೂರು ದಿನ ಅಷ್ಟೇ. ಆಸಿಡ್‌ನಲ್ಲಿ ಯಾವ ಜೀವಿಯೂ ಬದುಕಲ್ಲ ಅನ್ನುತ್ತಿದ್ದವರು ಆಗಲೂ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಒಂದು ಲೋಟ ಬ್ಯಾಕ್ಟೀರಿಯಾ ಕುಡಿದೇ ಬಿಟ್ಟರು. ಕೆಲವೇ ದಿನಕ್ಕೆ ವಾಂತಿ, ಬಾಯಿ ವಾಸನೆ. ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಗೋಡೆ ಊದಿಕೊಂಡಿತ್ತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. (ನೀವು ಮಾತ್ರ ಇದನ್ನು ಅನುಸರಿಸಬೇಡಿ.)

ಈ ಬ್ಯಾಕ್ಟೀರಿಯಾ ಇರುವವರಲ್ಲಿ ಬಹುಪಾಲು ಜನರಿಗೆ ಹುಣ್ಣು ಆಗುವುದೇ ಇಲ್ಲ. ಆದರೆ ಹುಣ್ಣಾಗಿದೆ ಅಂತ ಗೊತ್ತಾದ ಪ್ರತಿಯೊಬ್ಬರೂ ಇದಕ್ಕೆ ಪರೀಕ್ಷೆ ಮಾಡಿಸಲೇಬೇಕು. ಇದನ್ನು ಓಡಿಸದಿದ್ದರೆ ವಾಸಿಯಾದ ಹುಣ್ಣು ಮತ್ತೆ ಬರುವ ಸಾಧ್ಯತೆ ಜಾಸ್ತಿ. ಹೊಟ್ಟೆಯ ಕ್ಯಾನ್ಸರ್‌ಗೂ ಇದು ಕಾರಣವಾಗಬಹುದು.

ಉಸಿರಿನ ಪರೀಕ್ಷೆ ಸುಲಭ. ಗುರುತು ಹಾಕಿದ ಕಾರ್ಬನ್ ಇರುವ ಯೂರಿಯಾವನ್ನು ಕುಡಿಸುತ್ತಾರೆ ಅಥವಾ ನುಂಗಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದನ್ನು ಒಡೆಯುತ್ತದೆ, ಗುರುತಿನ ಕಾರ್ಬನ್ ಸ್ವಲ್ಪ ಹೊತ್ತಿನಲ್ಲೇ ನಿಮ್ಮ ಉಸಿರಿನಲ್ಲಿ ಬರುತ್ತದೆ. ಮಲದಲ್ಲಿ ಬ್ಯಾಕ್ಟೀರಿಯಾದ ಅಂಶವನ್ನೇ ಹುಡುಕುವ ಆಂಟಿಜೆನ್ ಪರೀಕ್ಷೆಯೂ ಒಳ್ಳೆಯದೇ. ರಕ್ತದ ಆಂಟಿಬಾಡಿ ಪರೀಕ್ಷೆಗೆ ನಾನು ದುಡ್ಡು ಹಾಕಲ್ಲ, ಯಾಕಂದರೆ ಬ್ಯಾಕ್ಟೀರಿಯಾ ಈಗ ಇದೆಯಾ, ಹಿಂದೆ ಯಾವಾಗಲೋ ಇತ್ತಾ ಅಂತ ಅದು ಹೇಳಲ್ಲ.

ಪರೀಕ್ಷೆಗೆ ಮುಂಚೆ ಒಂದು ಎಚ್ಚರ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಥರದ ಮಾತ್ರೆ ತಿನ್ನುತ್ತಿದ್ದರೆ ಬ್ಯಾಕ್ಟೀರಿಯಾ ಅಡಗಿ ಕೂತು, ಇದ್ದರೂ ಇಲ್ಲ ಅಂತ ಫಲಿತಾಂಶ ಬರಬಹುದು. ಸಾಮಾನ್ಯವಾಗಿ ಆ ಮಾತ್ರೆಯನ್ನು 2 ವಾರ, ಆಂಟಿಬಯಾಟಿಕ್ ಮತ್ತು ಬಿಸ್ಮತ್‌ಗಳನ್ನು 4 ವಾರ ಮೊದಲೇ ನಿಲ್ಲಿಸಿರಬೇಕು. ರಕ್ತ ಸುರಿದ ಹುಣ್ಣು ಇದ್ದವರು ತಾವೇ ನಿಲ್ಲಿಸಬಾರದು, ಡಾಕ್ಟರನ್ನು ಕೇಳಿ.

ಪಾಸಿಟಿವ್ ಬಂದರೆ ಮೂರು ನಾಲ್ಕು ಬಗೆಯ ಮಾತ್ರೆ, ಬಹುತೇಕ 14 ದಿನ. ಬಾಯಿ ಕಹಿಯಾಗುತ್ತದೆ, ಲೋಹ ನೆಕ್ಕಿದಂಥ ರುಚಿ, ಸ್ವಲ್ಪ ಭೇದಿ. ಬಿಸ್ಮತ್ ಇದ್ದರೆ ನಾಲಿಗೆಯೂ ಕಪ್ಪಾಗಬಹುದು. ಹತ್ತನೇ ದಿನಕ್ಕೆ ಹೊಟ್ಟೆ ಸರಿಹೋಯಿತು ಅಂತ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಔಷಧಿಗೆ ಬಗ್ಗದಂತಾಗಬಹುದು. ಫೋನಿನಲ್ಲಿ ಅಲಾರಂ ಇಟ್ಟು ಮುಗಿಸಿ.

ಮೂರನೆಯ ಹೆಜ್ಜೆ: ಗ್ಯಾಸ್ ಮಾತ್ರೆಯ ಹೊತ್ತು ಸರಿಮಾಡಿ

ನಾವು "ಗ್ಯಾಸ್ ಮಾತ್ರೆ" ಅನ್ನುವ ಪ್ಯಾಂಟೊಪ್ರಜೋಲ್ ಗುಂಪು ಆಸಿಡ್ ಪಂಪುಗಳಿಗೆ ಬೀಗ ಹಾಕುತ್ತದೆ. ಗೋಡೆಯನ್ನು ಅದು ಕಟ್ಟಲ್ಲ. ಗೋಡೆ ತನ್ನನ್ನು ತಾನೇ ಕಟ್ಟಿಕೊಳ್ಳಲು ಪುರುಸೊತ್ತು ಮಾಡಿಕೊಡುತ್ತದೆ. ವಿಷಯ ಏನಂದರೆ, ಓಡುತ್ತಿರುವ ಪಂಪಿಗೆ ಮಾತ್ರ ಬೀಗ ಬೀಳುತ್ತದೆ. ಊಟ ಬಂದಾಗ ಪಂಪುಗಳು ಏಳುತ್ತವೆ. ಅಷ್ಟರಲ್ಲಿ ಔಷಧಿ ರಕ್ತದಲ್ಲಿ ಸಿದ್ಧವಾಗಿರಬೇಕು. ಹಾಗಾಗಿ ಬೆಳಗಿನ ತಿಂಡಿಗೆ 30ರಿಂದ 60 ನಿಮಿಷ ಮೊದಲು. ತಿಂಡಿ ಆದಮೇಲೋ, ರಾತ್ರಿ ಮಲಗುವಾಗಲೋ ನುಂಗಿ "ಕೆಲಸ ಮಾಡ್ತಿಲ್ಲ" ಅಂತ ದೂರುವವರು ತುಂಬಾ ಜನ. ಮೊದಲ ದಿನವೇ ಪೂರ್ತಿ ಫಲ ಸಿಗಲ್ಲ, ಕೆಲವು ದಿನ ಬೇಕು. ಜಗಿಯಬೇಡಿ, ಪುಡಿ ಮಾಡಬೇಡಿ.

ಹೊಟ್ಟೆಯ ಹುಣ್ಣಿಗೆ ಸಾಮಾನ್ಯವಾಗಿ 8 ವಾರ, ಸಣ್ಣ ಕರುಳಿನ ಹುಣ್ಣಿಗೆ 4 ವಾರ ಕೊಡುತ್ತಾರೆ. ಯಾರೂ ಹೇಳದೆ ವರ್ಷಗಟ್ಟಲೆ ತಿನ್ನುವುದು ಬೇಡ. ಬಿ12, ಮೆಗ್ನೀಸಿಯಂ ಕುಸಿಯಬಹುದು. ತಿಂಗಳುಗಟ್ಟಲೆ ತಿಂದು ಒಮ್ಮೆಲೇ ಬಿಟ್ಟರೆ ಕೆಲವು ವಾರ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ. "ನೋಡಿ, ಮಾತ್ರೆ ಇಲ್ದೆ ಆಗಲ್ಲ" ಅಂತ ಮತ್ತೆ ಶುರು ಮಾಡುವುದು ಅದಕ್ಕೇ. ಡಾಕ್ಟರ ಜೊತೆ ಮಾತಾಡಿ ನಿಧಾನವಾಗಿ ಇಳಿಸಿ.

ಸುಕ್ರಾಲ್‌ಫೇಟ್ ಅನ್ನುವ ಔಷಧಿ ಬೇರೆ ಥರ. ಅದು ಹುಣ್ಣಿನ ಮೇಲೆ ಪ್ಲಾಸ್ಟರಿನಂತೆ ಅಂಟುತ್ತದೆ. ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮೊದಲು. ಬೇರೆ ಮಾತ್ರೆಗಳಿಗೂ ಅಂಟಿಕೊಳ್ಳುವ ಸ್ವಭಾವ ಅದಕ್ಕೆ, ಹಾಗಾಗಿ ಸ್ವಲ್ಪ ಅಂತರ ಬಿಡಿ.

ನಾಲ್ಕನೆಯ ಹೆಜ್ಜೆ: ಸಿಗರೇಟು, ಹೆಂಡ, ತಟ್ಟೆ

ಸಿಗರೇಟು ಬಿಡಿ. ಗೋಡೆಗೆ ಬರುವ ರಕ್ತವನ್ನೂ ಬೈಕಾರ್ಬನೇಟನ್ನೂ ಅದು ಕಡಿಮೆ ಮಾಡುತ್ತದೆ, ಹುಣ್ಣು ಬೇಗ ಮಾಯಲು ಬಿಡಲ್ಲ. ಗಡಸು ಹೆಂಡ ನೇರವಾಗಿ ಲೋಳೆಯನ್ನೇ ಕೆಡಿಸುತ್ತದೆ. ಹೆಂಡ ಮತ್ತು ನೋವಿನ ಮಾತ್ರೆ ಒಟ್ಟಿಗೆ ಅಂತೂ ಬೇಡವೇ ಬೇಡ.

ಊಟದ ವಿಷಯದಲ್ಲಿ ಜನ ಹೆದರುವುದು ಜಾಸ್ತಿ. ಖಾರ ತಿಂದರೆ ಉರಿಯಬಹುದು, ಆದರೆ ಹುಣ್ಣು ಹುಟ್ಟಿಸುವುದು ಖಾರ ಅಲ್ಲ. ಕಾಫಿ ಆಸಿಡ್ ಹೆಚ್ಚಿಸುತ್ತದೆ, ಹುಣ್ಣಿಗೆ ಮೂಲ ಅದೂ ಅಲ್ಲ. ಹುಣ್ಣು ಇರುವಾಗ ನಿಮಗೆ ಏನು ತಿಂದರೆ ನೋವಾಗುತ್ತದೋ ಅದನ್ನಷ್ಟೇ ಸದ್ಯಕ್ಕೆ ಬಿಡಿ. ಹಾಲಿನ ಕಥೆ ಸ್ವಾರಸ್ಯವಾಗಿದೆ. 1915ರಲ್ಲಿ ಬರ್ಟ್ರಮ್ ಸಿಪ್ಪಿ ಅನ್ನುವ ಅಮೆರಿಕದ ಡಾಕ್ಟರು ಹುಣ್ಣಿನವರಿಗೆ ಗಂಟೆಗೊಮ್ಮೆ ಹಾಲು, ಕೆನೆ ಕುಡಿಸುವ ಪದ್ಧತಿ ತಂದರು. ದಶಕಗಟ್ಟಲೆ ಅದೇ ನಡೆಯಿತು. ಹಾಲು ಕುಡಿದ ತಕ್ಷಣ ತಂಪೆನಿಸುತ್ತದೆ, ನಿಜ. ಆಮೇಲೆ ಅದರ ಪ್ರೋಟೀನು, ಕ್ಯಾಲ್ಸಿಯಂ ಸೇರಿ ಇನ್ನಷ್ಟು ಆಸಿಡ್ ತರಿಸುತ್ತವೆ. ಇಷ್ಟವಿದ್ದರೆ ಕುಡಿಯಿರಿ, ಔಷಧಿ ಅಂತ ಬೇಡ.

ಕೊನೆಯ ಹೆಜ್ಜೆ: ನೋವು ಹೋದಮೇಲೂ ಒಂದು ಸಲ ಹೋಗಿ

ನೋವು ನಿಂತಿತು ಅಂದರೆ ಹುಣ್ಣು ಮಾಯಿತು ಅಂತಲ್ಲ. ನೋವಿನ ಮಾತ್ರೆಯಿಂದ ಆದ ಹುಣ್ಣಂತೂ ಎಷ್ಟೋ ಸಲ ನೋಯುವುದೇ ಇಲ್ಲ, ನೇರವಾಗಿ ರಕ್ತಸ್ರಾವದಿಂದಲೇ ಗೊತ್ತಾಗುತ್ತದೆ. ಹೊಟ್ಟೆಯಲ್ಲೇ ಹುಣ್ಣಾಗಿದ್ದರೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ಎಂಡೋಸ್ಕೋಪಿ ಬೇಕಾ ಅಂತ ಕೇಳಿ. ಕೆಲವೊಮ್ಮೆ ಹುಣ್ಣಿನ ವೇಷದಲ್ಲಿ ಕ್ಯಾನ್ಸರ್ ಇರಬಹುದು, ಮಾಯದೆ ಉಳಿದರೆ ಚೂರು ತೆಗೆದು ನೋಡಬೇಕಾಗುತ್ತದೆ.

ಬ್ಯಾಕ್ಟೀರಿಯಾಗೆ ಚಿಕಿತ್ಸೆ ತಗೊಂಡವರು ಆಂಟಿಬಯಾಟಿಕ್ ಮುಗಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ ಕನಿಷ್ಠ 4 ವಾರ ಎಣಿಸಿ, ಕೊನೆಯ 2 ವಾರ ಗ್ಯಾಸ್ ಮಾತ್ರೆ ಇಲ್ಲದೆ ಇರಬಹುದಾ ಅಂತ ಮೊದಲೇ ಕೇಳಿಟ್ಟುಕೊಂಡು, ಉಸಿರಿನ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಹೊಟ್ಟೆ ಆರಾಮಾಗಿದೆ ಅಂತ ಹೆಚ್ಚಿನವರು ಬಿಟ್ಟುಬಿಡುವುದು ಇದೇ ಪರೀಕ್ಷೆಯನ್ನು.